ಸೇತುವೆಗೆ ಹೊಸ ಹೆಸರಿಡುವ ಮುನ್ನ

ಕಳೆದ ತಿಂಗಳು ಒಂದು ಸಂಜೆ ನಮ್ಮ ಮನೆಗೆ ಮೂವರು ಬಂದರು. ಇಬ್ಬರು ನನ್ನ ಹಳೆಯ ವಿದ್ಯಾರ್ಥಿಗಳು, ಇನ್ನೊಬ್ಬರು ನನ್ನಂತೆಯೇ ನಿವೃತ್ತರಾದ ಮಿತ್ರರು. ಕಾಫಿ ಲೋಟ ಕೆಳಗಿಡುವ ಮೊದಲೇ ಮಿತ್ರರು ಚೀಲದಿಂದ ಒಂದು ಮನವಿ ಪತ್ರ ತೆಗೆದು, "ಮೇಷ್ಟ್ರೇ, ಮೂವತ್ತು ವರ್ಷ ಮಕ್ಕಳಿಗೆ ಚರಿತ್ರೆ ಹೇಳಿದವರು ನೀವು. ಮೊದಲ ಸಹಿ ನಿಮ್ಮದೇ ಇರಲಿ" ಎಂದರು.

ಮನವಿಯಲ್ಲಿ ಎರಡು ಬೇಡಿಕೆಗಳಿದ್ದವು. ಪರಂಗಿಯವನ ಹೆಸರು ಹೊತ್ತಿರುವ ನಮ್ಮ ದಾಬಸ್‌ಪೇಟೆಗೆ ಬೇರೆ ಹೆಸರಿಡಬೇಕು ಎಂಬುದು ಒಂದು. ಬ್ರಿಟಿಷರು ಕಟ್ಟಿಸಿದ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಗೆ "ಪೂರ್ಣಯ್ಯ ಸೇತುವೆ" ಎಂದು ನಾಮಕರಣ ಮಾಡಬೇಕು ಎಂಬುದು ಇನ್ನೊಂದು. ಒಂದು ರಾತ್ರಿಯ ಅವಕಾಶ ಕೇಳಿದೆ. ಮರುದಿನ ಬೆಳಿಗ್ಗೆ ಪತ್ರವನ್ನು ಸಹಿ ಇಲ್ಲದೆ ಹಿಂದಿರುಗಿಸಿದೆ. ಅಂದಿನಿಂದ ಮಿತ್ರರು ಬೆಳಗಿನ ನಡಿಗೆಗೆ ನನ್ನನ್ನು ಕರೆಯುತ್ತಿಲ್ಲ. "ನಿಮ್ಮಂಥವರೇ ಹಿಂದೆ ಸರಿದರೆ ಹೇಗೆ?" ಎಂದು ಬೇಸರದಿಂದ ಹೇಳಿಹೋದರಂತೆ. ಅವರೆದುರು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರೂ ಓದಲಿ ಎಂಬುದು ನನ್ನ ಆಸೆ.

ಮೊದಲಿಗೆ ಆ ಎರಡನೆಯ ಬೇಡಿಕೆಯನ್ನೇ ನೋಡೋಣ. ಬ್ರಿಟಿಷರು ಕಟ್ಟಿಸಿದ ಸೇತುವೆಗೆ ಪೂರ್ಣಯ್ಯನವರ ಹೆಸರೇಕೆ? ಒಂದೇ ವಾಕ್ಯದ ಹಿಂದುಮುಂದು ಒಂದಕ್ಕೊಂದು ಹೊಂದುವುದಿಲ್ಲ. ನಿಜ ಸಂಗತಿಯೆಂದರೆ ಆ ಸೇತುವೆಯನ್ನು ಬ್ರಿಟಿಷರು ಕಟ್ಟಿಸಲೇ ಇಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಮಡಿದ ಮೇಲೆ, ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ರಾಜ್ಯದ ಆಡಳಿತ ನಡೆಸಿದವರು ದಿವಾನ್ ಪೂರ್ಣಯ್ಯನವರು. ಹೈದರನ ಕಾಲದಿಂದಲೂ ಸರ್ಕಾರದ ಲೆಕ್ಕಪತ್ರ ನೋಡಿದ್ದ ಅದೇ ಪೂರ್ಣಯ್ಯ. ಅವರ ಮೇಲ್ವಿಚಾರಣೆಯಲ್ಲಿ ಕಾವೇರಿಯ ಉತ್ತರದ ಕವಲಿನ ಮೇಲೆ, ಕಿರಂಗೂರಿನ ಕಡೆಯಿಂದ ದ್ವೀಪಕ್ಕೆ ಬರುವ ದಾರಿಗೆ, 1804ರಲ್ಲಿ ಆ ಸೇತುವೆ ನಿಂತಿತು. ಯುದ್ಧದಲ್ಲಿ ಗೆದ್ದವರ ಪ್ರಭುವಿನ ಹೆಸರನ್ನು ಅದಕ್ಕೆ ಇಡಲಾಯಿತು.

ಆ ಪ್ರಭು ಯಾರು? ಇಲ್ಲಿ ನನ್ನದೇ ಒಂದು ತಪ್ಪೊಪ್ಪಿಗೆ ಇದೆ. ಸೇವೆಗೆ ಸೇರಿದ ಮೊದಲ ಹಲವು ವರ್ಷ ನಾನು ತರಗತಿಯಲ್ಲಿ ಹೇಳಿದ್ದು, "ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ಆರ್ಥರ್ ವೆಲ್ಲೆಸ್ಲಿಯ ಹೆಸರು" ಎಂದೇ. ಅದು ತಪ್ಪು. ಆರ್ಥರ್ ತಮ್ಮ. ಯುದ್ಧಾನಂತರ ಪಟ್ಟಣದ ಸೇನಾಧಿಕಾರ ವಹಿಸಿಕೊಂಡು ದರಿಯಾ ದೌಲತ್‌ನಲ್ಲಿ ವಾಸವಾಗಿದ್ದವನು. ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆಗಿ 1815ರಲ್ಲಿ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು. ಸೇತುವೆಯ ಹೆಸರಾದರೋ ಅಣ್ಣನದು, 1798ರಿಂದ 1805ರವರೆಗೆ ಗವರ್ನರ್ ಜನರಲ್ ಆಗಿದ್ದ ರಿಚರ್ಡ್ ವೆಲ್ಲೆಸ್ಲಿಯದು. ಮಿತ್ರರ ಮನವಿಯಲ್ಲಿಯೂ ತಮ್ಮನನ್ನೇ ಬೈಯಲಾಗಿತ್ತು. ಯಾರ ಹೆಸರನ್ನು ಅಳಿಸಬೇಕೆಂಬುದನ್ನೇ ಸರಿಯಾಗಿ ತಿಳಿಯದೆ ಅಳಿಸುವ ರಬ್ಬರು ಹಿಡಿದು ಹೊರಟಿದ್ದೇವೆ. ಆ ತಪ್ಪಿಗೆ ಕಾರಣ ನನ್ನಂಥ ಮೇಷ್ಟ್ರುಗಳೇ ಇರಬಹುದು ಎಂದುಕೊಂಡಾಗ ನಾಚಿಕೆಯಾಯಿತು.

ಈಗ ಒಂದು ಪ್ರವಾಸದ ಪ್ರಸಂಗ ಹೇಳುತ್ತೇನೆ. ತೊಂಬತ್ತರ ದಶಕದಲ್ಲಿ ಒಂದು ವರ್ಷ ಒಂಬತ್ತನೆಯ ತರಗತಿಯ ಮಕ್ಕಳನ್ನು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋಗಿದ್ದೆವು. ನಮ್ಮ ಪಟ್ಟಿ ಎಲ್ಲ ಶಾಲೆಗಳ ಪಟ್ಟಿಯಂತೆಯೇ: ರಂಗನಾಥಸ್ವಾಮಿ ದೇವಾಲಯ, ಎರಡು ಮಿನಾರುಗಳ ಜಾಮಿಯಾ ಮಸೀದಿ, ಕರ್ನಲ್ ಬೇಲಿ ಬಂದೀಖಾನೆ, ಟಿಪ್ಪು ಬಿದ್ದ ಜಾಗ, ದರಿಯಾ ದೌಲತ್, ಗುಂಬಜ್, ಸಂಗಮ. ಮಧ್ಯಾಹ್ನ ಹೊಳೆಯ ದಡದಲ್ಲಿ ಕೂತು ಚಿತ್ರಾನ್ನದ ಪೊಟ್ಟಣ ಬಿಚ್ಚಿದೆವು. ಎದುರಿಗೇ ಹಳೆಯ ಸೇತುವೆ. ಶಿವಗಂಗೆಯ ಕಡೆಯ ಹಳ್ಳಿಯಿಂದ ಬರುತ್ತಿದ್ದ ಒಬ್ಬ ಹುಡುಗ ಅದನ್ನೇ ನೋಡುತ್ತಾ, "ಸಾರ್, ಈ ಕಂಬಗಳು ನಮ್ಮೂರ ಗುಡಿಯ ಕಂಬಗಳ ಥರಾನೇ ಇವೆ ಅಲ್ವಾ?" ಎಂದ. ನಾನು ಗಡಿಯಾರ ನೋಡಿ, "ಬೇಗ ಊಟ ಮುಗಿಸೋ, ಇನ್ನೂ ಗುಂಬಜ್ ನೋಡಬೇಕು" ಎಂದೆ.

ಆ ಹುಡುಗ ಹೇಳಿದ್ದು ಎಷ್ಟು ಸರಿಯಾಗಿತ್ತೆಂದು ನನಗೆ ಅರಿವಾದದ್ದು ನಿವೃತ್ತಿಯ ನಂತರ, ಯಾವ ಗಡಿಬಿಡಿಯೂ ಇಲ್ಲದೆ ಅಲ್ಲಿ ಹೋಗಿ ನಿಂತಾಗ. ಆ ಸೇತುವೆಯಲ್ಲಿ ಕಮಾನೇ ಇಲ್ಲ. ಹೊಳೆಯ ಪಾತ್ರದಲ್ಲಿ ಸಾಲು ಸಾಲಾಗಿ ಕಲ್ಲುಕಂಬಗಳು, ಕಂಬಗಳ ತಲೆಯ ಮೇಲೆ ಚಾಚಿಕೊಂಡ ಕಲ್ಲಿನ ಬೋದಿಗೆಗಳು, ಬೋದಿಗೆಗಳ ಮೇಲೆ ಕಲ್ಲಿನ ತೊಲೆಗಳು. ಬೋದಿಗೆ ಎರಡೂ ಕಡೆ ಚಾಚುವುದರಿಂದ ತೊಲೆ ದಾಟಬೇಕಾದ ಅಂತರ ಕಡಿಮೆಯಾಗುತ್ತದೆ, ಭಾರ ನೇರವಾಗಿ ಕಂಬಕ್ಕೆ ಇಳಿಯುತ್ತದೆ. ನಮ್ಮ ಯಾವುದೇ ಹಳೆಯ ದೇವಾಲಯದ ಮುಖಮಂಟಪಕ್ಕೆ ಹೋಗಿ ತಲೆಯೆತ್ತಿ ನೋಡಿ, ಇದೇ ವಿಧಾನ. ಯುರೋಪಿನ ಎಂಜಿನಿಯರು ಕಮಾನು ಕಟ್ಟುತ್ತಿದ್ದ ಕಾಲದಲ್ಲಿ ನಮ್ಮ ಕಲ್ಲುಕುಟಿಗರು ತಮಗೆ ತಿಳಿದಿದ್ದ ಮಂಟಪದ ವಿದ್ಯೆಯನ್ನೇ ಹೊಳೆಯ ಮೇಲೆ ಉದ್ದಕ್ಕೆ ಹಾಸಿದರು. ಅದರ ಹೆಸರು ಇಂಗ್ಲಿಷಿನದಾದರೂ ಮೈ ಪೂರ್ತಿ ಕನ್ನಡದ್ದು.

ಆ ಮೈ ಎಷ್ಟು ಗಟ್ಟಿ ಎಂಬುದಕ್ಕೆ ಕಾಲವೇ ಸಾಕ್ಷಿ. ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾದದ್ದು 1911ರಲ್ಲಿ. ಅಂದರೆ ಅಣೆಕಟ್ಟಿನ ತಡೆಯೇ ಇಲ್ಲದ ಕಾವೇರಿಯ ನೂರಕ್ಕೂ ಹೆಚ್ಚು ಮಳೆಗಾಲಗಳನ್ನು ಆ ಕಂಬಗಳು ಎದೆಯೊಡ್ಡಿ ತಡೆದಿವೆ. ಎತ್ತಿನ ಗಾಡಿ, ಜಟಕಾ, ಆಮೇಲೆ ಮೋಟಾರು, ಬಸ್ಸು, ಲಾರಿ, ಎಲ್ಲವನ್ನೂ ಹೊತ್ತಿವೆ. ಇತ್ತ 2024ರ ಆಗಸ್ಟ್ 7ರಂದು ಕಾರವಾರದ ಬಳಿ ಕಾಳಿ ನದಿಯ ಹಳೆಯ ಹೆದ್ದಾರಿ ಸೇತುವೆ ನಡುರಾತ್ರಿ ಕುಸಿದು ಒಂದು ಲಾರಿ ಹೊಳೆಗೆ ಬಿತ್ತು. ಆ ಕಾಂಕ್ರೀಟ್ ಸೇತುವೆಯ ವಯಸ್ಸು ನಲವತ್ತರ ಆಸುಪಾಸು. ಇನ್ನೂರಿಪ್ಪತ್ತು ವರ್ಷದ ಅಜ್ಜ ನಿಂತೇ ಇದ್ದಾನೆ, ಮೊಮ್ಮಗ ಮಲಗಿಬಿಟ್ಟ.

ಆದರೆ ಅಜ್ಜ ನಿಂತಿದ್ದಾನೆಂದ ಮಾತ್ರಕ್ಕೆ ಆರೋಗ್ಯವಾಗಿದ್ದಾನೆ ಎಂದಲ್ಲ. ನಾನು ಹೋಗಿ ನಿಂತಾಗ ಕಂಡದ್ದಿಷ್ಟು: ತೊಲೆಗಳ ಸಂದಿನಲ್ಲಿ ಅರಳಿ, ಆಲದ ಸಸಿಗಳು, ಕೆಲವೆಡೆ ಕಳಚಿದ ಪಕ್ಕದ ಕಲ್ಲುಗಳು, ಕಂಬಗಳ ಬುಡಕ್ಕೆ ಸುತ್ತಿಕೊಂಡ ಹಳೆಯ ಬಟ್ಟೆ, ಪ್ಲಾಸ್ಟಿಕ್, ಪೂಜೆ ಮುಗಿದ ಹೂವಿನ ರಾಶಿ. ಕಲ್ಲಿಗೆ ಕಾವೇರಿಯ ಪ್ರವಾಹಕ್ಕಿಂತ ದೊಡ್ಡ ಶತ್ರು ಅರಳಿಯ ಬೇರು. ಹಕ್ಕಿ ಹಾಕಿದ ಬೀಜ ಸಂದಿನಲ್ಲಿ ಮೊಳೆಯುತ್ತದೆ, ಬೇರು ನೂಲಿನಂತೆ ಇಳಿಯುತ್ತದೆ, ವರ್ಷಗಳು ಕಳೆದಂತೆ ಹಗ್ಗವಾಗುತ್ತದೆ, ಕೊನೆಗೆ ಸನ್ನೆಗೋಲಿನಂತೆ ಕಲ್ಲನ್ನೇ ಎಬ್ಬಿಸುತ್ತದೆ. ಮೇಲಿನ ಸೊಪ್ಪನ್ನು ಕತ್ತಿಯಿಂದ ಸವರಿದರೆ ಪ್ರಯೋಜನವಿಲ್ಲ. ಮುಂದಿನ ಮಳೆಗೆ ಎರಡರಷ್ಟು ಚಿಗುರುತ್ತದೆ. ಬೇರನ್ನು ಸಾಯಿಸಿ, ಸಂದನ್ನು ಸುಣ್ಣದ ಗಾರೆಯಿಂದ ತುಂಬಬೇಕು. ಅದಕ್ಕೆ ತಿಳಿದ ಕೈ ಬೇಕು, ವರ್ಷ ವರ್ಷವೂ ತಪ್ಪದೆ ಬರುವ ಕೈ ಬೇಕು.

ಈ ಕೈ ಬರದಿದ್ದರೆ ಏನಾಗುತ್ತದೆಂದು ಕಾವೇರಿಯೇ ಕೆಳಗೆ ಹರಿದುಹೋಗಿ ತೋರಿಸಿಕೊಟ್ಟಿದ್ದಾಳೆ. ಶಿವನಸಮುದ್ರದಲ್ಲಿ ಇದೇ ಬಗೆಯ ಕಲ್ಲುಕಂಬದ ಹಳೆಯ ಸೇತುವೆಯಿದೆ. ಅದಕ್ಕೂ ವೆಲ್ಲೆಸ್ಲಿಯದೇ ಹೆಸರು. ಜನರ ಬಾಯಲ್ಲಿ ಅದು "ವೆಸ್ಲಿ ಸೇತುವೆ". ಹತ್ತೊಂಬತ್ತನೆಯ ಶತಮಾನದ ಮೂವತ್ತರ ದಶಕದಲ್ಲಿ ಜಹಗೀರುದಾರ ರಾಮಸ್ವಾಮಿ ಮೊದಲಿಯಾರರ ಕಾಲದ ಕೆಲಸ. 2018ರ ಪ್ರವಾಹದಲ್ಲಿ ಅದರ ಒಂದು ಭಾಗ ಕೊಚ್ಚಿಹೋಯಿತು. ಅಂದು ಹೋದ ಕಲ್ಲುಗಳು ವೆಲ್ಲೆಸ್ಲಿಯವೂ ಅಲ್ಲ, ಮೊದಲಿಯಾರರವೂ ಅಲ್ಲ, ನಮ್ಮವು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಶ್ರೀರಂಗಪಟ್ಟಣದಲ್ಲಿ ಕೋಟೆಯ ಗಾದೆಯನ್ನು ಇನ್ನೊಮ್ಮೆ ನಿಜ ಮಾಡುವುದು ಬೇಡ.

ಹಣವಿಲ್ಲ, ತಂತ್ರವಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. 2017ರ ಮಾರ್ಚ್‌ನಲ್ಲಿ ಅದೇ ಪಟ್ಟಣದಲ್ಲಿ ಟಿಪ್ಪು ಕಾಲದ ಒಂದು ಶಸ್ತ್ರಾಗಾರವನ್ನು ಇಡಿಯಾಗಿ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಕೂರಿಸಿದರು. ಬೆಂಗಳೂರು–ಮೈಸೂರು ರೈಲಿನ ಜೋಡಿ ಹಳಿಗೆ ಅದು ಅಡ್ಡವಾಗಿತ್ತು. ಒಡೆದು ಹಾಕಬಹುದಿತ್ತು, ಒಡೆಯಲಿಲ್ಲ. ಪರದೇಶದ ಪರಿಣತರನ್ನು ಕರೆಸಿ, ಹತ್ತು ಕೋಟಿ ರೂಪಾಯಿಗೂ ಮೀರಿ ಖರ್ಚು ಮಾಡಿ ಉಳಿಸಿದರು. ನನಗೆ ಆ ಸುದ್ದಿ ಓದಿ ಕಣ್ಣು ತುಂಬಿ ಬಂದಿತ್ತು. ಆದರೆ ಯೋಚಿಸಿ: ಆ ಕಟ್ಟಡಕ್ಕೆ ಅಷ್ಟು ಗಮನ ಸಿಕ್ಕಿದ್ದು ಅದು ರೈಲಿಗೆ ಅಡ್ಡ ಬಂದದ್ದರಿಂದ. ಹಳೆಯ ಸೇತುವೆಯ ದುರದೃಷ್ಟವೆಂದರೆ ಅದು ಇಂದು ಯಾರಿಗೂ ಅಡ್ಡ ಬರುತ್ತಿಲ್ಲ. ಹೆದ್ದಾರಿಗೆ ಬೇರೆ ಸೇತುವೆಗಳಾದವು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥದಲ್ಲಿ ಹೋಗುವವರಿಗೆ ಪಟ್ಟಣವೇ ಪಕ್ಕಕ್ಕೆ ಉಳಿಯಿತು. ಉಪಯೋಗ ಮುಗಿದ ಹಿರಿಯರನ್ನು ಮನೆಯವರು ಹೇಗೆ ನೋಡುತ್ತಾರೆಂಬುದು ನನ್ನ ವಯಸ್ಸಿನವರಿಗೆ ಹೇಳಿಕೊಡಬೇಕಾಗಿಲ್ಲ.

ಇನ್ನು ಹೆಸರಿನ ವಿಚಾರ. ನಾನು ಎಲ್ಲ ಹೆಸರು ಬದಲಾವಣೆಗೂ ವಿರೋಧಿಯಲ್ಲ. 2014ರ ನವೆಂಬರ್ 1ರಂದು ಬ್ಯಾಂಗಲೋರ್ ಬೆಂಗಳೂರಾದಾಗ, ಮೈಸೂರ್ ಮೈಸೂರಾದಾಗ ಸಂತೋಷಪಟ್ಟವನು ನಾನು. ಅಲ್ಲಿ ನಮ್ಮ ಬಾಯಲ್ಲಿದ್ದ ಹೆಸರನ್ನೇ ಇಂಗ್ಲಿಷಿನಲ್ಲೂ ಬರೆಯಲಾಯಿತು, ಅಷ್ಟೆ. ಬೆಂಗಳೂರಿನ ಸೌತ್ ಪೆರೇಡ್ ಮಹಾತ್ಮಾ ಗಾಂಧಿ ರಸ್ತೆಯಾದದ್ದನ್ನೂ ಜನ ಒಪ್ಪಿಕೊಂಡರು. ಆದರೆ ಕಬ್ಬನ್ ಉದ್ಯಾನಕ್ಕೆ 1927ರಲ್ಲಿಯೇ ಶ್ರೀ ಚಾಮರಾಜೇಂದ್ರ ಉದ್ಯಾನ ಎಂಬ ಹೆಸರಾಯಿತು. ಸುಮಾರು ನೂರು ವರ್ಷವಾದರೂ ಆಟೋದವರಿಗೆ ಆ ಹೆಸರು ಹೇಳಿ ನೋಡಿ! ಸರ್ಕಾರ ಹಲಗೆ ಬರೆಸಬಲ್ಲದು, ನಾಲಿಗೆಯನ್ನು ಬದಲಿಸಲಾರದು.

ಹೆಸರುಗಳು ಹುಟ್ಟುವ ರೀತಿಯೂ ವಿಚಿತ್ರ. ಅದೇ ಶ್ರೀರಂಗಪಟ್ಟಣದ ಬಂದೀಖಾನೆಯನ್ನು ನೋಡಿ. ಅದಕ್ಕಿರುವುದು ಕಟ್ಟಿಸಿದ ದೊರೆಯ ಹೆಸರಲ್ಲ, ಕೈದಿಯ ಹೆಸರು. 1780ರಲ್ಲಿ ಪೊಳ್ಳಿಲೂರಿನಲ್ಲಿ ಸೋತು ಸೆರೆಸಿಕ್ಕು 1782ರಲ್ಲಿ ಸೆರೆಯಲ್ಲಿಯೇ ಸತ್ತ ಕರ್ನಲ್ ಬೇಲಿಯ ಹೆಸರು. ಅವನ ಸೋಲಿನ ಚಿತ್ರ ದರಿಯಾ ದೌಲತ್‌ನ ಗೋಡೆಯ ತುಂಬ ಇದೆ. ಈ ಪರಂಗಿ ಹೆಸರನ್ನು ಅಳಿಸಿ ಎಂದು ಯಾರೂ ಕೇಳುವುದಿಲ್ಲ, ಏಕೆಂದರೆ ಅದು ನಮ್ಮ ಗೆಲುವನ್ನು ನೆನಪಿಸುತ್ತದೆ. ಸೇತುವೆಯ ಹೆಸರು ಸೋಲನ್ನು ನೆನಪಿಸುತ್ತದೆ, ಆದ್ದರಿಂದ ಚುಚ್ಚುತ್ತದೆ. ಚುಚ್ಚಲಿ! ಮೈಸೂರಿನ ದಿವಾನರು, ಮೈಸೂರಿನ ಕಲ್ಲಿನಿಂದ, ಮೈಸೂರಿನ ಕೂಲಿಗಳಿಂದ ಕಟ್ಟಿಸಿದ ಸೇತುವೆಗೆ ಕಲ್ಕತ್ತೆಯಲ್ಲಿದ್ದ ಒಬ್ಬ ದೊರೆಯ ಹೆಸರಿಡಬೇಕಾಯಿತು. 1799ರ ನಂತರ ಈ ನಾಡಿನ ಅಧಿಕಾರ ಎಲ್ಲಿಗೆ ಹೋಯಿತೆಂಬುದನ್ನು ನಾಲ್ಕು ಪುಟದ ಪಾಠಕ್ಕಿಂತ ಈ ಒಂದು ಹೆಸರು ಚೆನ್ನಾಗಿ ಹೇಳುತ್ತದೆ. ಹೆಸರು ಕಿತ್ತುಹಾಕಿದರೆ ಸೋಲು ಅಳಿಯುವುದಿಲ್ಲ. ಸೋಲಿನ ಪಾಠ ಮಾತ್ರ ಅಳಿಯುತ್ತದೆ.

ಪೂರ್ಣಯ್ಯನವರಿಗೆ ಗೌರವ ಸಲ್ಲಬಾರದೇ? ಖಂಡಿತ ಸಲ್ಲಬೇಕು. ಆದರೆ ಅವರೇ ಕಟ್ಟಿಸಿದ ಕಲ್ಲು ಉದುರುತ್ತಿರುವಾಗ ಅವರ ಹೆಸರಿನ ಹಲಗೆ ನೆಟ್ಟರೆ ಅದು ಗೌರವವೇ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ! ಅಷ್ಟೇ ಅಲ್ಲ, ಸಲ್ಲಬೇಕಾದ ಗೌರವದ ಸಾಲು ಪೂರ್ಣಯ್ಯನವರಲ್ಲಿಯೇ ನಿಲ್ಲುವುದಿಲ್ಲ. ಹೊಳೆಯ ಬಂಡೆಯ ಮೇಲೆ ಆ ಕಂಬಗಳನ್ನು ನಿಲ್ಲಿಸಿದವರು, ಉಳಿ ಹಿಡಿದು ಬೋದಿಗೆ ಕಡೆದವರು, ಬೇಸಿಗೆಯ ಬಿಸಿಲಿನಲ್ಲಿ ತೊಲೆ ಎಳೆದವರು, ಅವರಲ್ಲಿ ಒಬ್ಬರ ಹೆಸರೂ ಈ ವಾದದಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ದೊರೆಯ ಹೆಸರು ತೆಗೆದು ದಿವಾನರ ಹೆಸರಿಟ್ಟರೂ ಕಲ್ಲುಕುಟಿಗ ಹೊರಗೇ ಉಳಿಯುತ್ತಾನೆ.

ನಮ್ಮ ಊರಿನ ಮಾತಿಗೆ ಬರುತ್ತೇನೆ. ದಾಬಸ್‌ಪೇಟೆಯ ಹೆಸರು ಡಾಬ್ಸ್ ಎಂಬ ಅಧಿಕಾರಿಯದು. ಮಾರ್ಕ್ ಕಬ್ಬನ್ ಕಮಿಷನರಾಗಿದ್ದ ಕಾಲದಲ್ಲಿ ಚಿತ್ರದುರ್ಗ ವಿಭಾಗದ ಸೂಪರಿಂಟೆಂಡೆಂಟ್ ಆಗಿದ್ದವನು. ಮುಪ್ಪಿನಲ್ಲಿ, 1882ರಲ್ಲಿ, ಮೈಸೂರು ಸೀಮೆಯ ತನ್ನ ನೆನಪುಗಳನ್ನು ಪುಸ್ತಕವಾಗಿ ಪ್ರಕಟಿಸಿದವನು. ನಿವೃತ್ತರಿಗೆ ನೆನಪು ಬರೆಯುವ ಚಟ ಅಂದೂ ಇತ್ತೆಂದಾಯಿತು! ಅವನ ಹೆಸರನ್ನು ನಮ್ಮ ಹಿರಿಯರು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡು "ದಾಬಸ್" ಮಾಡಿದರು, ಅದಕ್ಕೆ "ಪೇಟೆ" ಸೇರಿಸಿದರು. ವೆಲ್ಲೆಸ್ಲಿ "ವೆಸ್ಲಿ"ಯಾದಂತೆ. ಇಂದು ದಾಬಸ್‌ಪೇಟೆ ಎಂದರೆ ಯಾರಿಗೂ ಆ ದೊರೆ ನೆನಪಾಗುವುದಿಲ್ಲ. ಶಿವಗಂಗೆಗೆ ತಿರುಗುವ ದಾರಿ ನೆನಪಾಗುತ್ತದೆ. ಇದು ಗುಲಾಮಗಿರಿಯಲ್ಲ, ಅರಗಿಸಿಕೊಳ್ಳುವ ಶಕ್ತಿ.

ನಮ್ಮ ಊರಿಗೆ ನಿಜವಾಗಿ ಪೆಟ್ಟು ಬಿದ್ದದ್ದು ಹೆಸರಿನಿಂದಲೇ? ಹೆದ್ದಾರಿ ಅಗಲವಾದಾಗ ಸಾಲುಮರಗಳು ಹೋದವು. ಮೇಲ್ಸೇತುವೆ ಬಂದ ಮೇಲೆ ತುಮಕೂರಿಗೆ ಹೋಗುವವರಿಗೆ ಕೆಳಗೊಂದು ಊರಿದೆಯೆಂಬುದೇ ತಿಳಿಯದು. ಸೋಂಪುರ ಕೈಗಾರಿಕಾ ಪ್ರದೇಶ ಬಂದ ಮೇಲೆ ಹೊಲಗಳು ಹೋದವು, ಕೆಲಸಗಳೂ ಬಂದವು. ಲಾಭನಷ್ಟದ ಲೆಕ್ಕ ಬೇರೆಯೇ ಇದೆ. ಹಳೆಯ ಬಾವಿ, ಕಲ್ಯಾಣಿ, ಅರವಟ್ಟಿಗೆಯ ಕಲ್ಲುಗಳು ಒಂದೊಂದಾಗಿ ಮಣ್ಣಾದಾಗ ನಾವು ಯಾರೂ ಮನವಿ ಪತ್ರ ಹಿಡಿದು ಹೊರಡಲಿಲ್ಲ. ನಾನೂ ಹೊರಡಲಿಲ್ಲ. 2025ರ ಜುಲೈ 2ರಂದು ನಂದಿ ಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನು "ಬೆಂಗಳೂರು ಉತ್ತರ" ಎಂದು ಕರೆಯಲು ತೀರ್ಮಾನಿಸಿತು. ಅದೇ ವರ್ಷ ರಾಮನಗರಕ್ಕೆ "ಬೆಂಗಳೂರು ದಕ್ಷಿಣ" ಎಂದಾಯಿತು. ಗ್ರಾಮ ಎಂಬ ಪದವೇ ಹೋಗುತ್ತಿರುವಾಗ ಸುಮ್ಮನಿದ್ದ ನಮಗೆ, ದಾಬಸ್ ಎಂಬ ಮೂರಕ್ಷರ ಮಾತ್ರ ಚುಚ್ಚಿತೇ?

ಮಿತ್ರರು ಕೇಳಬಹುದು: "ಹಾಗಾದರೆ ನೀವು ಮಾಡುವುದೇನು?" ಕೇಳಲೇಬೇಕಾದ ಪ್ರಶ್ನೆ. ನಾನು ಬೇರೊಂದು ಮನವಿ ಬರೆದಿಟ್ಟಿದ್ದೇನೆ. ಪ್ರತಿ ವರ್ಷ ಮಳೆಗಾಲ ಮುಗಿದು ಹೊಳೆ ಇಳಿದ ಕೂಡಲೇ ಸೇತುವೆಯ ಒಂದೊಂದು ಕಂಬವನ್ನೂ ತಿಳಿದವರು ಪರೀಕ್ಷಿಸಲಿ, ವರದಿಯನ್ನು ಊರವರಿಗೆ ಕಾಣುವಂತೆ ಪ್ರಕಟಿಸಲಿ. ಸಸಿಗಳನ್ನು ಬೇರುಸಹಿತ ತೆಗೆಸಲಿ. ಭಾರದ ವಾಹನಗಳು ಅದರ ಮೇಲೆ ಹತ್ತದಂತೆ ಎರಡೂ ತುದಿಯಲ್ಲಿ ಗಟ್ಟಿ ಕಲ್ಲುಗೂಟ ನೆಡಲಿ. ಕನ್ನಂಬಾಡಿಯಿಂದ ಲಕ್ಷ ಕ್ಯೂಸೆಕ್ ನೀರು ಬಿಟ್ಟಾಗ ಜನರನ್ನು ತಡೆಯಲು ತೋರುವ ಕಾಳಜಿಯನ್ನು ನೀರು ಇಳಿದ ಮೇಲೆ ಕಲ್ಲಿನ ಬಗ್ಗೆಯೂ ತೋರಲಿ. ಕೊನೆಯದಾಗಿ, ಒಂದು ಫಲಕ ಇರಲಿ. ಹೆಸರು ಬದಲಿಸುವ ಫಲಕವಲ್ಲ, ಕಥೆ ಹೇಳುವ ಫಲಕ. ಯಾರ ಹೆಸರು, ಏಕೆ ಬಂತು, ಯಾರು ಕಟ್ಟಿಸಿದರು, ಯಾವ ವಿಧಾನದಲ್ಲಿ ಕಟ್ಟಿದರು, ಎಲ್ಲವೂ ಸರಳ ಕನ್ನಡದಲ್ಲಿ ಇರಲಿ. ಹೆಸರು ಉಳಿಯದ ಕಲ್ಲುಕುಟಿಗರಿಗೂ ಅದರಲ್ಲಿ ಒಂದು ಸಾಲು ಇರಲಿ.

ಶಾಲೆಗಳಿಗೂ ಒಂದು ಮಾತು. ಪ್ರವಾಸದ ಪಟ್ಟಿಯಲ್ಲಿ ಏಳು ಜಾಗಗಳಿದ್ದರೆ ಒಂದನ್ನು ಕಡಿಮೆ ಮಾಡಿ. ಮಕ್ಕಳನ್ನು ಆ ಸೇತುವೆಯ ಬಳಿ ಅರ್ಧ ಗಂಟೆ ಕೂರಿಸಿ, ಒಂದು ಕಂಬ, ಒಂದು ಬೋದಿಗೆ, ಒಂದು ತೊಲೆಯ ಚಿತ್ರ ಬರೆಸಿ. ಯಾವನಾದರೂ ಹುಡುಗ "ಇದು ನಮ್ಮೂರ ಗುಡಿಯ ಕಂಬದ ಥರ ಇದೆ" ಎಂದರೆ ಗಡಿಯಾರ ನೋಡಬೇಡಿ.

ನಾನು ನೋಡಿದೆ. ಆ ಹುಡುಗ ಈಗೆಲ್ಲಿದ್ದಾನೋ ಗೊತ್ತಿಲ್ಲ. ಅವನಿಗೆ ನಾನು ಕೊಡಬೇಕಾಗಿದ್ದ ಉತ್ತರ ಇದು. ಮೂವತ್ತು ವರ್ಷ ತಡವಾಗಿದೆ.

ಮಿತ್ರರೇ, ನಾಳೆ ಬೆಳಿಗ್ಗೆ ಆರು ಗಂಟೆಗೆ ಎಂದಿನಂತೆ ಮೇಲ್ಸೇತುವೆಯ ಕೆಳಗೆ ಕಾಯುತ್ತೇನೆ. ನಿಮ್ಮ ಮನವಿಗೆ ನಾನು ಸಹಿ ಹಾಕಲಿಲ್ಲ, ನಿಜ. ನನ್ನದನ್ನು ಜೇಬಿನಲ್ಲಿಟ್ಟುಕೊಂಡು ಬರುತ್ತೇನೆ. ಅದರಲ್ಲಿ ಮೊದಲ ಸಹಿಯ ಜಾಗವನ್ನು ನಿಮಗಾಗಿ ಖಾಲಿ ಬಿಟ್ಟಿದ್ದೇನೆ. ಕಲ್ಲು ಗಟ್ಟಿಯಾಗಿ ನಿಂತ ಮೇಲೆ, ಅದನ್ನು ಏನೆಂದು ಕರೆಯಬೇಕೆಂದು ನಾವಿಬ್ಬರೂ ಆಯುಸ್ಸು ಇರುವವರೆಗೆ ಜಗಳವಾಡೋಣ. ಏನಂತೀರಿ?